ಹಳೆಯ ಕಾಗದ ತೊಳೆಯಲು ಗೆಲ್ಲನ್ ಜೆಲ್: ಬೇಕೇ, ಬೇಡವೇ?

ಪರ

ಗೆಲ್ಲನ್ ಗಮ್ ಕಾಗದಕ್ಕೆಂದು ಹುಟ್ಟಿದ್ದಲ್ಲ. ಬ್ಯಾಕ್ಟೀರಿಯಾದಿಂದ ಸಿಗುವ ಈ ಪುಡಿ ಇ418 ಹೆಸರಿನಲ್ಲಿ ತಿನಿಸುಗಳಿಗೆ ಬೀಳುತ್ತದೆ, ಅಂಗಾಂಶ ಕೃಷಿಯ ಬಾಟಲಿಗಳಲ್ಲಿ ಸಸಿಗಳನ್ನು ಹಿಡಿದು ನಿಲ್ಲಿಸುತ್ತದೆ. ಇಟಲಿಯ ಕಾಗದ ಸಂರಕ್ಷಕರಾದ ಸಿಮೊನೆಟ್ಟಾ ಇಯಾನ್ನುಚೆಲ್ಲಿ, ಸಿಲ್ವಿಯಾ ಸೊಟ್ಜು ಇದರಿಂದ ಕಾಗದ ತೊಳೆಯುವ ವಿಧಾನವನ್ನು 2010ರಲ್ಲಿ ಪ್ರಕಟಿಸಿದರು.

ತೊಳೆಯಲು ನೀರಿನ ತೊಟ್ಟಿಗೆ ಇಳಿಸಿದ ಹಾಳೆ ಒಮ್ಮೆಲೇ ಉಬ್ಬುತ್ತದೆ, ಅಂಟುಲೇಪ (ಕಾಗದಕ್ಕೆ ಬಿಗಿ ಕೊಡುವ ತೆಳು ಪದರ) ಕಳೆದುಕೊಳ್ಳುತ್ತದೆ, ಎತ್ತುವಾಗ ತನ್ನ ಭಾರಕ್ಕೇ ಹರಿಯಬಹುದು. ಜೆಲ್ ನೀರನ್ನು ಅಳೆದಳೆದು ಬಿಡುತ್ತದೆ, ಕರಗಿದ ಕೊಳೆಯನ್ನು ತಾನೇ ಹೀರುತ್ತದೆ.

1 ಲೀಟರ್ ಡಿಅಯೋನೈಸ್ಡ್ (ಲವಣ ತೆಗೆದ) ನೀರಿಗೆ 0.4 ಗ್ರಾಂ ಕ್ಯಾಲ್ಸಿಯಂ ಅಸಿಟೇಟ್ ಹಾಕಿ. ನೀರು ತಣ್ಣಗಿರುವಾಗಲೇ 20 ಗ್ರಾಂ ಲೋ-ಅಸೈಲ್ ಗೆಲ್ಲನ್ (ಗಟ್ಟಿ ಜೆಲ್ ಕೊಡುವ ಬಗೆ) ಅನ್ನು ಉದುರಿಸುತ್ತಾ ಕಲಕಿ. ಒಟ್ಟಿಗೆ ಸುರಿದರೆ ಗಂಟಾಗಿ ಒಳಗೆ ಒಣಪುಡಿ ಉಳಿಯುತ್ತದೆ. ಕುದಿಯ ಹತ್ತಿರ ತಂದು, ತಿಳಿಯಾದ ಮೇಲೆ ಟ್ರೇಗೆ 1 ಸೆಂ.ಮೀ. ದಪ್ಪ ಎರೆಯಿರಿ. ಕ್ಯಾಲ್ಸಿಯಂ ಹಾಕದಿದ್ದರೆ ಜೆಲ್‌ನ ಹಲಗೆ ಸರಿಯಾಗಿ ಗಟ್ಟಿಯಾಗುವುದಿಲ್ಲ. ತೊಳೆಯಬೇಕಾದ ಹಾಳೆಯನ್ನು ಅದರ ಮೇಲಿಟ್ಟು ಪಾಲಿಯೆಸ್ಟರ್ ಹಾಳೆ ಹೊದಿಸಿ, ಹಗುರ ತೂಕ ಇಡಿ. ಅರ್ಧ ಗಂಟೆಯಲ್ಲಿ ಗಾಜಿನಂತಿದ್ದ ಜೆಲ್‌ಗೆ ಚಹಾ ಬಣ್ಣ ಇಳಿಯುತ್ತದೆ. ಅಷ್ಟು ಹಳದಿ ಆ ಕಾಗದದೊಳಗೆ ಕೂತಿತ್ತು! ನಿಧಾನವಾಗಿ ನೆನೆಯಬೇಕಾದ ಮುದ್ರಿತ ಚಿತ್ರಗಳಿಗೆ ಇದಕ್ಕಿಂತ ಮೃದುವಾದ ದಾರಿ ಕಡಿಮೆ.

ವಿರೋಧ

ಹಾಳೆ ಹರಿಯುವ ಭಯಕ್ಕೆ ತೊಟ್ಟಿಯನ್ನೇ ಬಿಡಬೇಕಿಲ್ಲ. ಅಡಿಗೆ ನಾನ್-ವೋವನ್ (ನೇಯದ) ಪಾಲಿಯೆಸ್ಟರ್ ಬಟ್ಟೆ ಹಾಸಿ ಅದರ ಸಮೇತ ಎತ್ತಿದರೆ ಭಾರವೆಲ್ಲ ಆಸರೆಯ ಮೇಲೆ ಬೀಳುತ್ತದೆ.

ನಮ್ಮ ನಿಜವಾದ ಆತಂಕ ಹಳೆಯ ಕೈಬರಹಗಳಲ್ಲಿರುವ, ಕಬ್ಬಿಣದ ಲವಣ ಬೆರೆತ ಶಾಯಿಯದು. ಅದರಲ್ಲಿ ಉಳಿದ ಕಬ್ಬಿಣ(II) ಅಯಾನುಗಳು ತೇವ ಸಿಕ್ಕೊಡನೆ ಅಕ್ಷರದಿಂದ ಸುತ್ತಲಿನ ಕಾಗದಕ್ಕೆ ಹರಡುತ್ತವೆ. ಕಣ್ಣಿಗೆ ಕಾಣದ ಈ ಹರಿವು ಮುಂದೆ ಅಕ್ಷರದ ಸುತ್ತ ಕಂದು ವಲಯವಾಗಿ ಕಾಗದವನ್ನು ತಿನ್ನುತ್ತದೆ. ಧಾರಾಳ ನೀರಾದರೆ ಅವನ್ನು ಕರಗಿಸಿ ಒಯ್ಯುತ್ತದೆ. ಮಿತವಾದ ತೇವ ಪಕ್ಕಕ್ಕೆ ಸರಿಸುತ್ತದೆ, ಅಷ್ಟೇ. ಮೊದಲು ಬ್ಯಾಥೊಫೆನಾಂತ್ರೊಲಿನ್ ಪಟ್ಟಿಯನ್ನು (ಕಬ್ಬಿಣ(II) ತಾಗಿದರೆ ಗುಲಾಬಿಯಾಗುವ ಪರೀಕ್ಷಾ ಕಾಗದ) ಒದ್ದೆ ಮಾಡಿ, ಹೀರುಕಾಗದದಲ್ಲಿ ಒತ್ತಿ, ಶಾಯಿಯ ಮೇಲೆ ಅರ್ಧ ನಿಮಿಷ ಇಡಿ. ಗುಲಾಬಿ ಬಂತೇ? ಜೆಲ್ ಪಕ್ಕಕ್ಕಿಡಿ. ಶಾಯಿ ನೀರು ತಡೆಯುವಂತಿದ್ದರೆ ಕ್ಯಾಲ್ಸಿಯಂ ಫೈಟೇಟ್ ಸ್ನಾನ, ನಂತರ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಸ್ನಾನ: ಮೊದಲನೆಯದು ಕಬ್ಬಿಣವನ್ನು ಕಟ್ಟಿಹಾಕುತ್ತದೆ, ಎರಡನೆಯದು ಆಮ್ಲವನ್ನು ತಣಿಸುತ್ತದೆ.

ಜೆಲ್‌ನಲ್ಲಿ ಸಣ್ಣ ಗಾಳಿಗುಳ್ಳೆ ಉಳಿದರೂ ಅಲ್ಲಿ ಕೊಳೆ ಹೋಗದೆ ಚುಕ್ಕೆ ನಿಲ್ಲುತ್ತದೆ. ಕಲೆಯಿದ್ದ ಜಾಗಕ್ಕಷ್ಟೇ ತುಂಡಿಟ್ಟರೆ ಸುತ್ತ ನೀರಿನ ಗೆರೆ ಮೂಡುತ್ತದೆ. ಅಂಟುಲೇಪ ಸವೆದ, ರೋಮ ಎದ್ದ ಕಾಗದಕ್ಕೆ ಜೆಲ್‌ನ ಎಳೆ ಅಂಟಿ ಉಳಿಯಬಹುದು, ಒಣಗಿದ ಮೇಲೆ ಅದು ಕಾಣುವುದೂ ಇಲ್ಲ. ನಡುವೆ ತೆಳು ಜಪಾನಿ ಟಿಶ್ಯೂ ಹಾಕಬಹುದು. ಆಗ ಸ್ಪರ್ಶವೂ ಸಡಿಲವಾಗುತ್ತದೆ, ತೊಳೆಯುವಿಕೆಯೂ ಕುಂದುತ್ತದೆ. ಎರೆದಿಟ್ಟ ಹಲಗೆಯನ್ನು ಸೆಕೆಗಾಲದಲ್ಲಿ ಹೊರಗೆ ಬಿಡಬೇಡಿ, ಬೂಸ್ಟು ಬರುತ್ತದೆ. ಬೂಸ್ಟಿನ ಬೀಜಕಗಳಿದ್ದ ಜೆಲ್ಲನ್ನು ಹಳೆಯ ದಾಖಲೆಗೆ ಮುಟ್ಟಿಸುವುದಾದರೂ ಹೇಗೆ?