ಮೊದಲ ನೆಲಾ ಅಳೀರಿ, ಆಮ್ಯಾಲ ಕಮೋಡ್ ತರ್ರಿ

ವಿಜಯಪುರದ ನಮ್ಮ ಓಣಿಯೊಳಗ ಇವತ್ತ ಮತ್ತೊಂದು ಹೊಸಾ ಕಮೋಡ್ ಬಿಳಿ ಸಿಮೆಂಟಿನ್ಯಾಗ ಹೂತು ಕುಂತದ. ಗೋಡಿಗೂ ಟ್ಯಾಂಕಿಗೂ ನಡುವ ಮೂರು ಇಂಚು ಸಂದಿ, ಬುಡಕ್ಕ ಸುತ್ತಲೂ ಸಿಮೆಂಟಿನ ಕಟ್ಟಿ, ಬಾಗಲಾ ಪೂರ್ತಿ ತೆರೆಯಂಗಿಲ್ಲ. ಮಂಡಿ ಹಿಡಿದ ಹಿರಿಯರಿಗೆ ಕೆಳಗ ಕೂಡ್ಲಿಕ್ಕೆ ಆಗಂಗಿಲ್ಲ ಅಂತ ಹಾಕಿಸಿದ್ದು. ನೋಡಿ ಸಿಟ್ಟೂ ಬಂತು, ಸಂಕಟಾನೂ ಆತು.

ಮಲ ಹೋಗೋ ನೆಲದ ಪೈಪು ಗೋಡಿಯಿಂದ 12 ಇಂಚಿಗೆ ಇತ್ತು, ತಂದದ್ದು 9 ಇಂಚಿನ ಪೈಪಿಗೆ ಕೂಡೋ ಕಮೋಡ್. ಇಷ್ಟ ವಿಷಯ. ಬಣ್ಣಾ ನೋಡಿದ್ರು, ಮುಚ್ಚಳಾ ನೋಡಿದ್ರು, ಟೇಪು ಮಾತ್ರ ಯಾರೂ ಹಿಡೀಲಿಲ್ಲ. ಅಂಗಡಿಯವರೂ ಕೇಳ್ಲಿಲ್ಲ.

ಪೈಪು ನೆಲದಾಗಿದ್ರ ಎಸ್-ಟ್ರ್ಯಾಪ್ ಕಮೋಡ್, ಗೋಡ್ಯಾಗಿದ್ರ ಪಿ-ಟ್ರ್ಯಾಪ್ (ಟ್ರ್ಯಾಪ್ ಅಂದ್ರ ನೀರು ನಿಂತು ವಾಸನಿ ತಡಿಯೋ ತಿರುವು). ಎಸ್-ಟ್ರ್ಯಾಪಿನ್ಯಾಗ ಪ್ಯಾಟ್ಯಾಗ ಸಿಗೋ ಅಳತಿ ಹೆಚ್ಚಾಗಿ ಮೂರ: 4, 9, 12 ಇಂಚು, ಅಂದ್ರ 100, 225, 300 ಮಿ.ಮೀ. ಪೈಪಿನ ಅಂಚಿನಿಂದ ಅಲ್ಲ, ನಟ್ಟನಡುವಿನಿಂದ ಹಿಂದಿನ ಗೋಡಿ ಟೈಲ್ಸಿನ ಮುಖದ ತನಕ ಅಳೀಬೇಕು. ಟೈಲ್ಸ್ ಇನ್ನೂ ಹಚ್ಚಿರದಿದ್ರ, ಟೈಲ್ಸು ಮತ್ತ ಅದರ ಹಿಂದಿನ ಮಾಲು ಸೇರಿ 25ರಿಂದ 30 ಮಿ.ಮೀ. ಕಳೀರಿ. ಗಿಲಾವಿನಿಂದ ಅಳದು ತಂದ್ರ ಟ್ಯಾಂಕು ಟೈಲ್ಸಿಗೆ ತಾಕಿ ಕಮೋಡ್ ಮುಂದಕ್ಕ ಸರೀತದ, ಪೈಪು ಹಿಂದ ಉಳೀತದ.

ಹಳೇ ಮನಿಯೊಳಗನ ಕೆಲಸ ಹೆಚ್ಚು ಕೆಡೋದು. ಇಂಡಿಯನ್ ಸಂಡಾಸದ ಪ್ಯಾನಿನ ಕೆಳಗ ಬ್ಯಾರೆ ಟ್ರ್ಯಾಪ್ ಇರ್ತದ. ಕಮೋಡಿನ ಹೊಟ್ಟಿಯೊಳಗನೂ ಒಂದು ಟ್ರ್ಯಾಪ್ ಅದ. ಅದರಾಗ 50 ಮಿ.ಮೀ. ನೀರು ನಿಂತು ವಾಸನಿ ತಡೀತದ. ಪ್ಯಾನ್ ಕಿತ್ತು, ಕೆಳಗಿನ ಟ್ರ್ಯಾಪ್ ಹಂಗ ಬಿಟ್ಟು, ಅದರ ಬಾಯಿಗೇ ಕಮೋಡ್ ಕೂಡಿಸಿದ್ರ ಎರಡು ಕಡೆ ನಿಂತ ನೀರಿನ ನಡುವ ಗಾಳಿ ಸಿಕ್ಕಿಬೀಳ್ತದ. ಫ್ಲಶ್ ಮಾಡಿದ ನೀರು ಗುಡುಗುಡು ಅಂತ ಮ್ಯಾಲ ಏರಿ ಸಾವಕಾಶ ಇಳೀತದ, ಮಲ ಕೆಳಗಿನ ತಿರುವಿನ್ಯಾಗ ಕೂಡ್ತದ. ಆಮ್ಯಾಲ ಕಮೋಡೇ ಸರಿ ಇಲ್ಲ ಅಂತಾರ. ಹಳೇ ಟ್ರ್ಯಾಪ್ ಪೂರ್ತಿ ತಗೀರಿ. ಅಲ್ಲಿಂದ 110 ಮಿ.ಮೀ. ಎಸ್‌ಡಬ್ಲ್ಯೂಆರ್ (ಮಲ, ಹೊಲಸು ನೀರು ಹೋಗೋ ಪಿವಿಸಿ) ಪೈಪಿಗೆ ಬೆಂಡ್ ಹಾಕಿ, ಬಾಯಿ ಟೈಲ್ಸಿನ ಮಟ್ಟಕ್ಕ ತರ್ರಿ. ಇಳಿಜಾರು ಮೀಟರಿಗೆ 25 ಮಿ.ಮೀ. ಇರ್ಲಿ. ಪೈಪಿನ ಜಾಗಾ ನಾವ ಠರಾಯಿಸೋ ಅವಕಾಶ ಸಿಗೋದೂ ಆವಾಗನ.

ಬಚ್ಚಲದ ನೆಲದ ನೀರು ಹೋಗೋ ನಹಾನಿ ಟ್ರ್ಯಾಪಿಗೇ ಕಮೋಡ್ ಜೋಡಿಸೋರೂ ಇದ್ದಾರ. ದಯವಿಟ್ಟು ಬ್ಯಾಡ್ರಿ. ಅದರ ಪೈಪು ಸಾಮಾನ್ಯವಾಗಿ 75 ಮಿ.ಮೀ., ಹೋಗೋದು ಮನಿ ಹೊರಗ ಸ್ನಾನದ ನೀರು ಕೂಡೋ ಗಲ್ಲಿ ಟ್ರ್ಯಾಪಿಗೆ. ಮಲ ಅಲ್ಲೇ ಕಟ್ಟಿ ಅಂಗಳೆಲ್ಲ ನಾರ್ತದ.

"ಅಳತಿ ತಪ್ಪಿದ್ರ ಏನಾತ್ರಿ, ಕನೆಕ್ಟರ್ ಹಾಕಿ ಎಳೀತೀವಿ" ಅಂತಾರ ಗೌಂಡಿಗಳು. ಕಮೋಡಿನ ಬಾಯಿ ಅಡ್ಡ ಸರಿಸಿ ಪೈಪಿಗೆ ಜೋಡಿಸೋ ಕನೆಕ್ಟರ್ ಅದಾವ, ಖರೆ. ಅವು ಮುಚ್ಚೋದು 20ರಿಂದ 40 ಮಿ.ಮೀ. ವ್ಯತ್ಯಾಸ. ಮೂರು ಇಂಚು ಅಂದ್ರ 75 ಮಿ.ಮೀ.! ಇವತ್ತಿನದು ಹೆಂಗೋ ಕೂತದ. ತಿರುಗಾ ಮುರುಗಾ ಆಗಿ 12ರ ಕಮೋಡ್ 9ರ ಪೈಪಿಗೆ ತಂದಿದ್ರ ಕೂಡೋದೇ ಇಲ್ಲ. ಆಗ ನೆಲಾ ಒಡೀಬೇಕು. ನೆಲದ ಜೋಡಿ ವಾಟರ್‌ಪ್ರೂಫಿಂಗೂ ಹೋಗ್ತದ, ಕೆಳಗಿನ ಮನಿ ಸ್ಲ್ಯಾಬ್ ತೋಯ್ತದ. ಇಷ್ಟೆಲ್ಲಾ ಒಂದು ಟೇಪು ಹಿಡೀಲಾರದ ಸಲುವಾಗಿ.

ಇನ್ನ ಆ ಸಿಮೆಂಟು. ನುಣ್ಣನ ಪಿವಿಸಿಗೆ ಸಿಮೆಂಟ್ ಹಿಡಿಯಂಗಿಲ್ಲ. ಒಣಗುವಾಗ ಕುಗ್ಗಿ ಸೀಳ್ತದ, ಅಲ್ಲಿಂದನ ವಾಸನಿ ಸುರು. ಮುಂದ ರಿಪೇರಿಗೆ ಎತ್ತಬೇಕಂದ್ರ ಕಮೋಡ್ ಒಡದ ತಗೀಬೇಕು. ಬೇಕಾಗೋದು ರಬ್ಬರ್ ರಿಂಗಿನ ಡಬ್ಲ್ಯೂಸಿ ಕನೆಕ್ಟರ್ (ಕಮೋಡಿನ ಬಾಯಿ ಪೈಪಿಗೆ ಕೂಡಿಸೋ ತುಂಡು), ನೆಲಕ್ಕ ಎರಡು ಬೋಲ್ಟು, ಒಂದು ಟ್ಯೂಬ್ ಸಿಲಿಕಾನ್. ಮೊದಲ ಸುಮ್ನ ಇಟ್ಟು ಲೆವೆಲ್ ನೋಡ್ರಿ, ಬುಡದ ಗೆರಿ ಮತ್ತ ಬೋಲ್ಟಿನ ತೂತು ಪೆನ್ಸಿಲ್ಲಿನಿಂದ ಗುರ್ತು ಮಾಡ್ರಿ. ಎತ್ತಿ ತೂತು ಕೊರದು, ಕನೆಕ್ಟರ್ ಕೂಡಿಸಿ, ಕಮೋಡ್ ನೆಟ್ಟಗ ಇಳಸ್ರಿ. ಬೋಲ್ಟು ಎರಡೂ ಕಡೆ ಒಂದೊಂದ ಸುತ್ತು ಬಿಗೀರಿ, ಪ್ಲಾಸ್ಟಿಕ್ ವಾಶರ್ ಮರೀಬ್ಯಾಡ್ರಿ. ಜೋರು ಮಾಡಿದ್ರ ಪಿಂಗಾಣಿ ಟಕ್ ಅಂತ ಸೀಳ್ತದ. ನಾಲ್ಕೈದು ಸಲ ಫ್ಲಶ್ ಮಾಡಿ, ಬುಡಕ್ಕ ಒಣ ಕಾಗದಾ ಇಟ್ಟು ನೋಡಿದ ಮ್ಯಾಲನ ಸಿಲಿಕಾನ್ ಹಚ್ರಿ. ಹಿಂದ ಒಂದು ಇಂಚು ಹಚ್ಚದ ಬಿಡ್ರಿ. ಎಂದಾದ್ರೂ ಸೋರಿದ್ರ ನೀರು ಅಲ್ಲಿ ಹೊರಗ ಬಂದು ಕಣ್ಣಿಗೆ ಬೀಳ್ತದ, ಇಲ್ಲಾಂದ್ರ ಗೊತ್ತಿಲ್ಲದಂಗ ಟೈಲ್ಸಿನ ಕೆಳಗ ಇಳೀತದ.

ನಮ್ಮ ಎರಿ ಭೂಮಿಯೊಳಗ ಇನ್ನೊಂದು ತ್ರಾಸು. ಮಳಿಗಾಲಕ್ಕ ಉಬ್ಬಿ ಬ್ಯಾಸಗಿಗೆ ಬಿರಿಯೋ ಮಣ್ಣಿನ್ಯಾಗ ಗೋಡಿಯಿಂದ ಹೊರಗಿನ ಚೇಂಬರ್ (ಮುಚ್ಚಳಾ ತಗದು ಪೈಪು ನೋಡೋ ಗುಂಡಿ) ತನಕದ ಪೈಪು ಅಲ್ಲಲ್ಲೆ ಜಗ್ಗಿರ್ತದ, ಹಳೇ ಸ್ಟೋನ್‌ವೇರ್ (ಸುಟ್ಟ ಮಣ್ಣಿನ) ಪೈಪಾದ್ರ ಜೋಡು ಬಿಚ್ಚಿರ್ತಾವ. ಈಗಿನ ಕಮೋಡ್ ದೊಡ್ಡ ಬಟನ್ನಿಗೆ 6 ಲೀಟರ್, ಸಣ್ಣದಕ್ಕ 3 ಲೀಟರ್ ಬಿಡ್ತಾವ. ಅಷ್ಟು ನೀರು ಆ ತಗ್ಗು ದಾಟಿಸಂಗಿಲ್ಲ. ಅದಕ್ಕ ಟೇಪು ಹಿಡಿದ ದಿನಾನ ಚೇಂಬರ್ ಮುಚ್ಚಳಾ ತಗದು, ಸಂಡಾಸದಾಗ ಎರಡು ಬಕೀಟು ನೀರು ಒಮ್ಮೆಲೆ ಸುರುವಿ ನೋಡ್ರಿ. ಚೇಂಬರಿನ್ಯಾಗ ಭರ್ರನ ಬಂದ್ರ ಅಂಗಡಿಗೆ ಹೋಗ್ರಿ. ತಡಾ ಮಾಡಿ ತಟಕು ತಟಕು ಬಂದ್ರ ಕಮೋಡಿನ ರೊಕ್ಕಾ ಮೊದಲ ಆ ಪೈಪಿಗೆ ಹಾಕ್ರಿ: ಅಗದು, ಕೆಳಗ ಮರಳಿನ ಹಾಸು ಕೊಟ್ಟು, ಹೊಸಾ 110 ಹಾಕಸ್ರಿ.