ಭೂಮಿ ಎಳ್ಕೊಂಡ್ಬಿಡ್ತು

ಇವತ್ತು ಬೆಳಿಗ್ಗೆ ಆರೂಕಾಲಿಗೆ ನಮ್ಮನೆಯ ಕಾಫಿ ಫಿಲ್ಟರ್ ಅಡುಗೆಕಟ್ಟೆಯಿಂದ ಕೆಳಗೆ ಬಿತ್ತು. ರಾತ್ರಿ ಮಲಗುವ ಮುಂಚೆ ಪುಡಿ ಒತ್ತಿ, ಬಿಸಿನೀರು ಹಾಕಿಟ್ಟಿದ್ದೆ. ರಾತ್ರಿಯಿಡೀ ತೊಟ್ಟು ತೊಟ್ಟಾಗಿ ಇಳಿದಿದ್ದ ಡಿಕಾಕ್ಷನ್ ಒಂದೇ ಏಟಿಗೆ ಪೂರ್ತಿ ಇಳಿಯಿತು, ಬಿಳಿ ಟೈಲ್ಸ್ ಮೇಲೆ. ಹಾಸನದವರಿಗೆ ಬೆಳಗಿನ ಕಾಫಿ ತಪ್ಪಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಸ್ಟೂಲ್ ಮೇಲೆ ನಿಂತಿದ್ದ ನಾಲ್ಕೂವರೆ ವರ್ಷದ ಮಗಳು ನನ್ನ ಮುಖ ನೋಡಿದಳು. ಸ್ವಲ್ಪವೂ ಅಳುಕಿಲ್ಲ. "ನಾನ್ ಬೀಳಿಸ್ಲಿಲ್ಲಮ್ಮ. ಭೂಮಿ ಎಳ್ಕೊಂಡ್ಬಿಡ್ತು" ಅಂದಳು.

ತಪ್ಪು ನನ್ನದೇ. ಮಗು ಸದಾ ಮೊಬೈಲ್ ಹಿಡಿದು ಕೂರುತ್ತಾಳೆ ಅಂತ ಗುರುತ್ವಾಕರ್ಷಣೆಯ ಬಗ್ಗೆ ಒಂದು ಚಿತ್ರಪುಸ್ತಕ ತಂದೆ. ಅದರಲ್ಲಿ ಭೂಮಿಗೆ ಕಣ್ಣು, ಬಾಯಿ, ಎರಡು ದಪ್ಪ ಕೈ. ಆ ಕೈಯಿಂದ ಸೇಬು, ಚೆಂಡು, ಬೆಕ್ಕು ಎಲ್ಲವನ್ನೂ ಎಳೆದುಕೊಂಡು ನಗುತ್ತಿದೆ. ಇನ್ನೊಂದು ಪುಟದಲ್ಲಿ ನ್ಯೂಟನ್ ತಲೆ ಮೇಲೆ ಸೇಬು. ನಿಜಕ್ಕೂ ಅವನು ತೋಟದಲ್ಲಿ ಸೇಬು ಬೀಳುವುದನ್ನು ನೋಡಿದ್ದಷ್ಟೇ, ತಲೆ ಮೇಲೆ ಬಿತ್ತು ಅಂತ ಅವನೆಲ್ಲೂ ಹೇಳಿಕೊಂಡಿಲ್ಲ. ಅವನು ಇದನ್ನೆಲ್ಲ ಲೆಕ್ಕ ಹಾಕಿ ಪುಸ್ತಕ ಮಾಡಿದ್ದು 1687ರಲ್ಲಿ, ಯೋಚನೆ ಶುರುವಾಗಿ ಸುಮಾರು 20 ವರ್ಷದ ಮೇಲೆ. ನನ್ನ ಮಗಳಿಗೆ ಅದರಿಂದ ಏನು ಉಪಯೋಗ ಅಂತ ಹೊಳೆಯಲು ಐದು ನಿಮಿಷ ಸಾಕಾಯಿತು. ಅವತ್ತಿನಿಂದ ನಮ್ಮನೆಯಲ್ಲಿ ಯಾವುದನ್ನೂ ಯಾರೂ ಬೀಳಿಸುವುದಿಲ್ಲ.

ಮೂರನೇ ದಿನ ಚಂದ್ರನ ಪುಟ ಬಂತು. 1971ರಲ್ಲಿ ಅಪೋಲೋ 15ರ ಡೇವಿಡ್ ಸ್ಕಾಟ್ ಅಲ್ಲಿ ಒಂದು ಸುತ್ತಿಗೆ, ಒಂದು ಗರಿ ಎರಡನ್ನೂ ಒಟ್ಟಿಗೆ ಕೈಬಿಟ್ಟ. ಗಾಳಿ ಇಲ್ಲದ್ದರಿಂದ ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಪುಟ ಓದಿ ಮುಗಿಸುವ ಮುಂಚೆಯೇ ನಾನು ಮನೆಯ ಸುತ್ತಿಗೆಯನ್ನು ಅಟ್ಟಕ್ಕೆ ಹಾಕಿದೆ. ಲಟ್ಟಣಿಗೆಯ ವಿಷಯ ನೆನಪಾಗಲಿಲ್ಲ. ಲಟ್ಟಣಿಗೆ ನನ್ನ ಕಾಲ್ಬೆರಳ ಮೇಲೆ ಬಿತ್ತು. ದೇವರ ಮನೆಯ ನವಿಲುಗರಿ ಆಮೇಲೆ ನಿಧಾನವಾಗಿ ಬಂದು ಅದರ ಪಕ್ಕ ಮಲಗಿತು. ನಮ್ಮನೆಯಲ್ಲಿ ಗಾಳಿ ಚೆನ್ನಾಗಿದೆ ಅಂತ ಗೊತ್ತಾಯಿತು.

ಆದರೆ ನಿಜವಾದ ಅನಾಹುತ ಮಾಡಿದ್ದು ಸಾಲಗಾಮೆ ರಸ್ತೆ. ಆ ಕಡೆ ಹೋಗುವಾಗ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವಾದ ಎಂಸಿಎಫ್‌ನ ದೊಡ್ಡ ದೊಡ್ಡ ಡಿಶ್ ಆಂಟೆನಾ ತೋರಿಸಿ, "ನೋಡು, 1982ರಿಂದ ಇಲ್ಲಿ ಕೂತ್ಕೊಂಡೇ ಉಪಗ್ರಹ ನೋಡ್ಕೋತಾರೆ. ಅವು 36,000 ಕಿಲೋಮೀಟರ್ ಮೇಲಿರ್ತವೆ" ಅಂತ ಊರಿನ ಹೆಮ್ಮೆ ಹೇಳಿಕೊಂಡೆ. ಸುಮ್ನೆ ಇರಬಾರದಿತ್ತಾ?

"ಅದನ್ನ ಯಾಕೆ ಭೂಮಿ ಎಳ್ಕೊಳಲ್ಲ?"

ನಾನು ಬಿ.ಕಾಂ. ಓದಿದವಳು. ರಾತ್ರಿ ಕೂತು ವಿಡಿಯೋ ನೋಡಿ, ಬೆಳಿಗ್ಗೆ ಉತ್ತರ ಕೊಟ್ಟೆ. ಎಳೆಯುತ್ತದೆ, ಅದೂ ಬೀಳುತ್ತಲೇ ಇರುತ್ತದೆ. ಆದರೆ ಸೆಕೆಂಡಿಗೆ 3 ಕಿಲೋಮೀಟರ್ ಪಕ್ಕಕ್ಕೆ ಓಡುತ್ತಿರುತ್ತದೆ. ಅದು ಇಷ್ಟು ಕೆಳಗೆ ಬರುವಷ್ಟರಲ್ಲಿ ದುಂಡಗಿನ ಭೂಮಿಯೂ ಅಷ್ಟೇ ಬಾಗಿಕೊಂಡಿರುತ್ತದೆ, ನೆಲ ಸಿಗುವುದೇ ಇಲ್ಲ. ಹೇಳಿ ಮುಗಿಸಿದಾಗ ನನಗೇ ನನ್ನ ಮೇಲೆ ಗೌರವ ಬಂತು.

"ಜೋರಾಗಿ ಓಡಿದ್ರೆ ಬೀಳಲ್ವಾ?"

"ಹೂಂ" ಅಂದೆ. ಆ ಒಂದು 'ಹೂಂ' ವಾಪಸ್ ತೆಗೆದುಕೊಳ್ಳಲು ಏನು ಬೇಕಾದರೂ ಕೊಡುತ್ತೇನೆ.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಅವಳು ಮಜ್ಜಿಗೆ ಲೋಟ ಹಿಡಿದು ಎದ್ದಳು. ಅಡುಗೆಮನೆ ಬಾಗಿಲಿಂದ ಓಟ ಶುರು. ಹಾಲ್ ಮಧ್ಯದಲ್ಲಿ ಲೋಟ ಕೈಬಿಟ್ಟಳು. ಲೋಟ ಒಂದು ಕ್ಷಣ ಅವಳ ಜೊತೆಗೇ ಓಡಿತು, ದೇವರಾಣೆಗೂ ನಾನೇ ನೋಡಿದೆ. ಆಮೇಲೆ ಢಣ್. ಅರ್ಧ ಮಜ್ಜಿಗೆ ಸೋಫಾಗೆ, ಅರ್ಧ ನಮ್ಮನೆಯವರ ಆಫೀಸ್ ಬೂಟಿನ ಒಳಗೆ. ಒಗ್ಗರಣೆಯ ಕರಿಬೇವು ಮಾತ್ರ ಗೋಡೆಗೆ ಅಂಟಿಕೊಂಡಿತು. ಅದಕ್ಕೆ ಭೂಮಿಯ ಭಯವಿಲ್ಲ.

"ಇನ್ನೂ ಜೋರಾಗಿ ಓಡ್ಬೇಕು" ಅಂದಳು ಮಗಳು. ನಾನು ನೆಲ ಒರೆಸುವ ಬಟ್ಟೆ ಹುಡುಕುವಷ್ಟರಲ್ಲಿ ಚಮಚ, ಉಪ್ಪಿನ ಡಬ್ಬಿ, ಟಿವಿ ರಿಮೋಟ್ ಮೂರೂ ಉಡಾವಣೆಯಾಗಿದ್ದವು. ನಮ್ಮತ್ತೆ ಬೈಯಬಹುದು ಅಂದುಕೊಂಡೆ. ಅವರು "ಲಂಗ ಎತ್ತಿ ಕಟ್ಕೊಂಡು ಓಡು ಮಗ, ಕಾಲಿಗೆ ಸಿಗ್ತದೆ" ಅಂತ ಸಲಹೆ ಕೊಟ್ಟರು. ಕೆಳಗಿನ ಮನೆ ಆಂಟಿ ಹತ್ತಿ ಬಂದು, "ಮೇಲೆ ಏನಾದ್ರೂ ರಿಪೇರಿ ಕೆಲಸ ನಡೀತಿದ್ಯಾ?" ಅಂತ ಕೇಳಿದರು.

"ಇಲ್ಲ ಆಂಟಿ, ಉಪಗ್ರಹ" ಅಂದೆ. ಅವರು ಮತ್ತೆ ಮಾತಾಡಲಿಲ್ಲ.

ನನ್ನ ದೂರು ಇಷ್ಟೇ. ಭೂಮಿ ಎಲ್ಲವನ್ನೂ ಎಳೆಯುತ್ತದೆ ಅಂತ ಪುಸ್ತಕದ ತುಂಬಾ ಇದೆ. ಬಿದ್ದದ್ದನ್ನು ಎತ್ತುವವರು ಯಾರು, ಒರೆಸುವವರು ಯಾರು ಅಂತ ಒಂದು ಪುಟವೂ ಇಲ್ಲ. ಬಗ್ಗಿ ಎತ್ತುವ ಒಬ್ಬ ಅಮ್ಮನ ಚಿತ್ರ ಮೂಲೆಯಲ್ಲಾದರೂ ಬರೆಯಬಹುದಿತ್ತು. ಬಣ್ಣ ಹಾಕದಿದ್ದರೂ ಪರವಾಗಿಲ್ಲ.

ಫಿಲ್ಟರ್ ಬಿದ್ದ ಸಿಟ್ಟಿನಲ್ಲಿ ಇವತ್ತು ಪುಸ್ತಕವನ್ನೂ ಅಟ್ಟಕ್ಕೆ ಹಾಕೋಣ ಅಂತ ಹೊರಟೆ. ಹಾಲ್‌ನಲ್ಲಿ ಅತ್ತೆ ಅವರೆಕಾಯಿ ಸುಲಿದು ಮುಗಿಸಿ ನೆಲದಿಂದ ಏಳುತ್ತಿದ್ದರು. ಒಂದು ಕೈ ಗೋಡೆಗೆ, ಒಂದು ಕೈ ಮಂಡಿಗೆ. ಅರ್ಧಕ್ಕೆ ಎದ್ದು ಮತ್ತೆ ಕೂತರು.

"ಅಜ್ಜಿ, ನಿನ್ನ ಭೂಮಿ ಜಾಸ್ತಿ ಎಳೀತಾ?"

"ಹೂಂ ಕಣ್ ಮಗ. ಈಗೀಗ ಜಾಸ್ತಿನೇ ಎಳೀತದೆ."

ಮಗಳು ನೆಲಕ್ಕೆ ಎರಡು ಸಲ ಕಾಲಿಂದ ಜೋರಾಗಿ ಒದ್ದಳು. "ಬಿಡು ನಮ್ಮಜ್ಜಿನ" ಅಂತ ಗದರಿದಳು. ಆಮೇಲೆ ಅಜ್ಜಿಯ ಕೈ ಹಿಡಿದು, ಮುಖ ಕೆಂಪಾಗುವಷ್ಟು ಎಳೆದಳು. ಅತ್ತೆ ಗೋಡೆ ಹಿಡಿದು ಎದ್ದರು, ಆದರೆ ಮೊಮ್ಮಗಳೇ ಎಬ್ಬಿಸಿದಳು ಅನ್ನೋ ಹಾಗೆ ಎದ್ದರು. ನಾನು ಪುಸ್ತಕ ಹಿಡಿದುಕೊಂಡು ಅಲ್ಲೇ ನಿಂತೆ.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಹಾಲಿನ ಪಾತ್ರೆ ಬಿದ್ದ ಸದ್ದು. ಮಗಳು ಇಲ್ಲೇ ಇದ್ದಾಳೆ, ಅತ್ತೆಯೂ ಇಲ್ಲೇ.

"ಏ, ಇದು ನಾನಲ್ಲ ಕಣೇ" ಅಂತ ಒಳಗಿಂದ ನಮ್ಮನೆಯವರ ದನಿ ಬಂತು.