ಕೆಂಪು ವೈನ್ ಫ್ರಿಜ್ಜಿನಲ್ಲಿಡಿ, ಯಾರು ಏನಂದರೂ

ಏಪ್ರಿಲ್‌ನ ಒಂದು ಭಾನುವಾರ, ಪುಣೆಯ ಬಾಣೇರ್‌ನಲ್ಲಿ ನಮ್ಮ ಸೊಸೈಟಿಯ ಟೆರೇಸ್ ಮೇಲೆ ಇದ್ದಿಲ ಒಲೆ ಹಚ್ಚಿದ್ದೆವು. ಮೊಸರು, ಕೆಂಪು ಖಾರ ಹಚ್ಚಿಟ್ಟ ಚಿಕನ್, ಪನೀರ್, ನನ್ನ ಹಟಕ್ಕೆ ಎರಡು ದೊಡ್ಡ ಬದನೆಕಾಯಿ. ಡೊಂಬಿವಲಿಯಿಂದ ಅಕ್ಕ, ಭಾವ ಬಂದಿದ್ದರು. ಭಾವನ ಕೈಯಲ್ಲಿ ಕ್ಯಾಬರ್ನೆ ಸಾವಿನ್ಯೋನ್ ಅನ್ನುವ ಒಗರು ಜಾಸ್ತಿಯ ಗಾಢ ಕೆಂಪು ವೈನಿನ ಬಾಟಲಿ, ಓಕ್ ಮರದ ಪೀಪಾಯಿಯಲ್ಲಿಟ್ಟು ಮಾಗಿಸಿದ್ದು. "ಸುಟ್ಟಿದ್ದು ತಿನ್ನೋದಾದ್ರೆ ದಪ್ಪ ವೈನೇ ಬೇಕು" ಅಂತ ಅಂಗಡಿಯವನು ಹೇಳಿದ್ದನಂತೆ.

ಎರಡನೇ ಗುಟುಕಿಗೇ ಅಕ್ಕ ಮುಖ ಕಿವುಚಿದಳು. "ಬಾಯಿ ಉರಿಯಾಕತ್ತೇತಿ. ಖಾರ ಎಷ್ಟ್ ಹಾಕೀಯವಾ?" ನಾನು ಹಾಕಿದ್ದ ಖಾರ ಅಷ್ಟೇನೂ ಇರಲಿಲ್ಲ. ಧಾರವಾಡದಲ್ಲಿ ಬೆಳೆದವಳಿಗೆ ಅದು ಖಾರವೇ ಅಲ್ಲ. ಉರಿ ಹಚ್ಚಿದ್ದು ವೈನ್.

ಬಲಿಯದ ಬಾಳೆಕಾಯಿ ಕಚ್ಚಿದರೆ ನಾಲಿಗೆ ಒಣಗಿ ಜಗ್ಗಿದ ಹಾಗಾಗುತ್ತದಲ್ಲ, ಆ ಒಗರೇ ವೈನಿನಲ್ಲೂ ಇರುವುದು. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುವ ಟ್ಯಾನಿನ್ ನಮ್ಮ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಕೊಬ್ಬು ತುಂಬಿದ, ಬರೀ ಉಪ್ಪು ಹಾಕಿ ಸುಟ್ಟ ಮಾಂಸ ಇದ್ದರೆ ಆ ಒಗರು ಮೆತ್ತಗಾಗುತ್ತದೆ. ದಪ್ಪ ವೈನ್ ಅನ್ನುವ ಸಲಹೆ ಅಂಥ ಊಟಕ್ಕೆ ಸರಿ. ನಮ್ಮ ಒಲೆಯ ಮೇಲಿರುವುದು ಮೊಸರಿನ ಹುಳಿ, ನಿಂಬೆ, ಮೆಣಸಿನಕಾಯಿ. ಜೊತೆಗೆ ಅಂಚು ಕರಕಲಾದ ಕಹಿ. ಕಹಿಯ ಮೇಲೆ ಒಗರು, ಖಾರದ ಮೇಲೆ ಶೇಕಡಾ 14ರ ಆಲ್ಕೋಹಾಲ್. ಬಾಯಿ ಉರಿಯದೆ ಇನ್ನೇನಾದೀತು?

ನನಗೆ ಬೇಕಾದದ್ದು ಹಗುರವಾದ ಕೆಂಪು. ಗ್ಲಾಸಿನ ಹಿಂದೆ ಬೆರಳಿಟ್ಟರೆ ಕಾಣಬೇಕು. ಹುಳಿ ಚುರುಕಾಗಿರಬೇಕು, ಒಗರು ಕಡಿಮೆ ಇರಬೇಕು, ಓಕ್ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಫ್ರಾನ್ಸಿನ ಬೋಜೊಲೆಯಲ್ಲಿ ಬೆಳೆಯುವ ಗಾಮೇ ದ್ರಾಕ್ಷಿಯ ವೈನ್ ಇದಕ್ಕೆ ಹೇಳಿ ಮಾಡಿಸಿದ್ದು. ಪಾಪದ ಬಳ್ಳಿ ಅದು. 1395ರಲ್ಲಿ ಬರ್ಗಂಡಿಯ ದೊರೆ ಫಿಲಿಪ್ ಇದು ಕೆಟ್ಟ ಬಳ್ಳಿ, ಕಿತ್ತುಹಾಕಿ ಅಂತ ಆಜ್ಞೆ ಹೊರಡಿಸಿದ್ದ. ದಕ್ಷಿಣಕ್ಕೆ ಸರಿದು ಬೋಜೊಲೆಯ ಗ್ರಾನೈಟ್ ನೆಲದಲ್ಲಿ ಬದುಕಿಕೊಂಡಿತು. ಅಲ್ಲಿ ಎಷ್ಟೋ ಕಡೆ ಗೊಂಚಲನ್ನು ಹಿಂಡದೆ ಇಡಿಯಾಗಿಯೇ ಇಂಗಾಲದ ಡೈಆಕ್ಸೈಡ್ ತುಂಬಿದ ತೊಟ್ಟಿಗೆ ಹಾಕುತ್ತಾರೆ. ದ್ರಾಕ್ಷಿ ಹಣ್ಣಿನ ಒಳಗೇ ಹುಳಿಯುವುದು ಶುರುವಾಗುತ್ತದೆ. ಬಣ್ಣ ಬರುತ್ತದೆ, ಹಣ್ಣಿನ ವಾಸನೆ ಬರುತ್ತದೆ, ಒಗರು ಮಾತ್ರ ಅಷ್ಟಾಗಿ ಸೇರುವುದಿಲ್ಲ.

ಪಿನೋ ನ್ವಾರ್ ಕೂಡ ಹಗುರವೇ. ಆದರೆ ತೆಳು ಸಿಪ್ಪೆಯ ಆ ದ್ರಾಕ್ಷಿಗೆ ನಮ್ಮ ಬಿಸಿಲು ಆಗಿಬರುವುದಿಲ್ಲ. ಆಮದಿನದ್ದಕ್ಕೆ ಸುಂಕ ಸೇರಿ ಬೆಲೆ ಎಲ್ಲೋ ಹೋಗುತ್ತದೆ. ಅಷ್ಟು ಕೊಟ್ಟು ತಂದು ಖಾರದ ಚಿಕನ್ ಜೊತೆ ಕುಡಿಯಲು ನನಗಂತೂ ಮನಸ್ಸಿಲ್ಲ. ನಮ್ಮಲ್ಲೇ ಸಿಗುವುದರಲ್ಲಿ ನಾಸಿಕದ ಸುಲಾ ವೈನ್ ಕಂಪನಿಯವರ ಕೆಂಪು ಝಿನ್‌ಫಂಡೆಲ್ ನನಗೆ ಇಷ್ಟ, ಅದೂ ಒಂದು ದ್ರಾಕ್ಷಿಯ ಹೆಸರೇ. ಇನ್ನೊಂದು, ಅಕ್ಲೂಜ್‌ನ ಫ್ರಾಟೆಲ್ಲಿ ಕಂಪನಿಯವರು ಸ್ಯಾಂಜಿಯೊವೇಸೆ ಅನ್ನುವ ಇಟಲಿಯ ದ್ರಾಕ್ಷಿಯಿಂದ ಮಾಡುವುದು. ತೀರಾ ಹಗುರವಲ್ಲ, ಆದರೆ ಹುಳಿ ಚೆನ್ನಾಗಿದೆ. ಅಕ್ಲೂಜ್ ಇರುವುದು ಸೋಲಾಪುರ ಜಿಲ್ಲೆಯಲ್ಲಿ. ಕನ್ನಡದವರು ಬೇಕಾದಷ್ಟಿರುವ ಜಿಲ್ಲೆ ಅಂತ ನನಗೆ ಸ್ವಲ್ಪ ಪಕ್ಷಪಾತ ಇರಬಹುದು!

ಇನ್ನು ಫ್ರಿಜ್ಜಿನ ಜಗಳ. ನಾನು ಝಿನ್‌ಫಂಡೆಲ್ ಬಾಟಲಿ ಫ್ರಿಜ್ಜಿನಿಂದ ತೆಗೆದಾಗ ಭಾವ ನಕ್ಕರು. "ಕೆಂಪು ವೈನ್ ಯಾರರ ಫ್ರಿಜ್ಜಿನ್ಯಾಗ ಇಡ್ತಾರೇನವಾ? ರೂಮ್ ಟೆಂಪರೇಚರ್ ಅಂತಾರಲ್ಲ?" ಯಾವ ರೂಮು, ಭಾವ? ಹೀಟರ್ ಇಲ್ಲದ ಕಾಲದ ಯುರೋಪಿನ ತಣ್ಣನೆಯ ಕೋಣೆ, ಸುಮಾರು 16ರಿಂದ 18 ಡಿಗ್ರಿ. ಪುಣೆಯ ಏಪ್ರಿಲ್ ಮಧ್ಯಾಹ್ನ 38 ದಾಟುತ್ತದೆ. ಆ ಬಿಸಿಗೆ ವೈನಿನ ಹಣ್ಣಿನ ವಾಸನೆ ಸತ್ತು ಬರೀ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ. ಹಗುರವಾದದ್ದನ್ನು ಎರಡು ಮೂರು ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. 13, 14 ಡಿಗ್ರಿಯ ಹತ್ತಿರ ಇದ್ದರೆ ಸಾಕು, ಐಸ್ ಆಗುವುದು ಬೇಡ. ದಪ್ಪ ವೈನಿಗೆ ಮಾತ್ರ ಇದನ್ನು ಮಾಡಬೇಡಿ. ತಣ್ಣಗಾದಷ್ಟೂ ಅದರ ಒಗರು ಎದ್ದು ಕಾಣುತ್ತದೆ.

ಹಾಂ, ಬಂಗಡೆ ಸುಡುತ್ತೀರಾದರೆ ಬಿಳಿ ವೈನಿಗೇ ಹೋಗಿ. ಕೆಂಪಿನಲ್ಲಿರುವ ಕಬ್ಬಿಣದ ಅಂಶ ಮೀನೆಣ್ಣೆಗೆ ಸೇರಿದರೆ ಬಾಯಲ್ಲಿ ಹಸಿ ಮೀನಿನ ನಾತ ಉಳಿಯುತ್ತದೆ.

ಅವತ್ತು ಗೆದ್ದದ್ದು ಮಾತ್ರ ಬದನೆಕಾಯಿ. ಸಿಪ್ಪೆ ಪೂರ್ತಿ ಕಪ್ಪಾಗುವಂತೆ ಸುಟ್ಟು, ಸುಲಿದು, ಹಸಿ ಈರುಳ್ಳಿ, ಶೇಂಗಾ ಪುಡಿ, ಚೂರು ಬೆಲ್ಲ ಹಾಕಿ ಕಲಸಿದ್ದೆ. ಹೊಗೆಯ ವಾಸನೆಗೂ ತಣ್ಣನೆಯ ಝಿನ್‌ಫಂಡೆಲ್‌ಗೂ ಎಂಥ ಜೋಡಿ ಅಂತೀರಿ! ಚಳಿಗಾಲದಲ್ಲಿ ಇಲ್ಲಿಯವರು ಹುರ್ಡಾ ಪಾರ್ಟಿ ಮಾಡುತ್ತಾರಲ್ಲ, ನಮ್ಮ ಕಡೆಯ ಸೀತನಿ, ಆ ಸುಟ್ಟ ಎಳೆ ಜೋಳದ ಜೊತೆಗೂ ಒಮ್ಮೆ ನೋಡಬೇಕು.

ಭಾವ ಎರಡು ಗ್ಲಾಸ್ ಝಿನ್‌ಫಂಡೆಲ್ ಕುಡಿದರು. ಸೋತೆ ಅಂತ ಮಾತ್ರ ಹೇಳಲಿಲ್ಲ. ಅವರ ಬಾಟಲಿಯಲ್ಲಿ ಅರ್ಧ ಉಳಿದಿತ್ತು, ಮರುದಿನ ಮಟನ್‌ಗೆ ಹಾಕಿದೆ.